ಕಾಕಾನ ಅಮೆರಿಕನ್ ನಾಲಿಗೆ

ಅಮೆರಿಕದ ವೈನುಗಳ ವಿಷಯದಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ಬಿಜಾಪುರ ಜಿಲ್ಲೆಯಲ್ಲೇ ಇರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಅದೇ ದೇವರ ಮುಂದೆ ಇನ್ನೊಂದನ್ನೂ ಹೇಳಬಲ್ಲೆ: ಆ ಮಹಾನುಭಾವನ ಹೊಟ್ಟೆಗೆ ವೈನಿನ ಒಂದು ಹನಿಯೂ ಇಳಿದಿರಲಿಲ್ಲ! ನಂಬುವುದಿಲ್ಲವೇ? ಅವನ ಹೆಂಡತಿ, ನಮ್ಮ ಕಾಕು, ನಂಬಿದ್ದಳು. ಅವಳು ನಂಬಿದ ಮೇಲೆ ಇಳಕಲ್ಲಿನಲ್ಲಿ ಬೇರೆಯವರ ಅನುಮಾನಕ್ಕೆ ಕಿಮ್ಮತ್ತಿರಲಿಲ್ಲ.

ನಮ್ಮದು ನೇಕಾರರ ಮನೆ. ಆದರೆ ಕಾಕಾನಿಗೆ ಮಗ್ಗ ಒಲಿಯಲಿಲ್ಲ. ಅವನು ಲಾಳಿ ಮುಟ್ಟಿದರೆ ಸಾಕು, ನೂಲು ತಾನಾಗಿಯೇ ಹರಿದು ತುಂಡಾಗುತ್ತಿತ್ತು. ಹಾಗಾಗಿ ಮಗ್ಗಕ್ಕೆ ಕಾಕು ಕುಳಿತಳು; ತಡವರಿಸದೆ ಇಂಗ್ಲಿಷ್ ಮಾತಾಡುತ್ತಿದ್ದ ಕಾಕಾ ಊರ ಹೊರಗಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಕಾರಕೂನನಾದ. ಕಲ್ಲು ನೋಡಲು ಬಂದ ಪರದೇಶದವರ ಪಕ್ಕದಲ್ಲಿ ನಿಂತು "ಗುಡ್ ಕಲರ್ ಸರ್" ಎನ್ನುವುದು ಅವನ ಮುಖ್ಯ ಕೆಲಸ. ಎಪ್ಪತ್ತರ ದಶಕದ ಕೊನೆಗೆ ಹಾಗೆ ಬಂದವನು ಒಬ್ಬ ಅಮೆರಿಕದ ಸಾಹೇಬ. ಕಲ್ಲು ಅವನ ವ್ಯಾಪಾರ, ದ್ರಾಕ್ಷಿ ಅವನ ಹುಚ್ಚು. ಹೊರಡುವಾಗ ನ್ಯೂಯಾರ್ಕ್ ರಾಜ್ಯದ ಒಂದು ಬಾಟಲಿ ವೈನನ್ನು ಪ್ರೀತಿಯಿಂದ ಕಾಕಾನ ಕೈಗಿಟ್ಟ.

ಬಂತಲ್ಲ ಫಜೀತಿ! ಕಾಕುವಿನ ಅಪ್ಪ ಕುಡಿದು ಕುಡಿದು ಮನೆಯ ಮಗ್ಗವನ್ನೇ ಮಾರಿದವನು. ಅದಕ್ಕೇ ಅವಳು ಮದುವೆಯಾದ ವರ್ಷವೇ ಗಂಡನನ್ನು ಚೊಳಚಗುಡ್ಡದ ಬನಶಂಕರಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದಳು. ಕಾಕಾ ಈ ಕಷ್ಟವನ್ನು ಹೇಳಿಕೊಂಡಾಗ ಸಾಹೇಬ ನಕ್ಕ. ವೈನಿನ ಗುಣ ಹೇಳುವ ದೊಡ್ಡ ದೊಡ್ಡವರು ಅದನ್ನು ನುಂಗುವುದೇ ಇಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತಾರೆ ಎಂದ. ಉಗುಳುವುದು! ತಂಬಾಕು ಹಾಕಿ ಪಳಗಿದ ನಮ್ಮ ಸೀಮೆಯ ಬಾಯಿಗೆ ಇದಕ್ಕಿಂತ ಸುಲಭದ ವಿದ್ಯೆ ಇನ್ನೊಂದಿದೆಯೇ?

"ಅವತ್ತ ಆಣಿ ಹೆಂಗ ಮಾಡಿಸಿದಿ ಹೇಳು?" ಎಂದು ಕಾಕಾ ಮನೆಗೆ ಬಂದು ಕಾಕುವನ್ನು ವಕೀಲನಂತೆ ಕೇಳಿದ. "ಗಂಟಲದಾಗ ಇಳಿಸಬಾರದು ಅಂದಿ. ನಾ ಇಳಿಸಂಗಿಲ್ಲ."

ಕಾಕು ಲಾಳಿ ಕೆಳಗಿಟ್ಟಳು. "ಹಂಗಾದ್ರ ನನ್ನ ಮುಂದನ ಉಗುಳ್ರಿ. ಆಮ್ಯಾಲೆ ಬಾಯಿ ತೆಗೀಬೇಕು, ನಾ ನೋಡಾಕಿ."

ಅಲ್ಲಿಂದ ನಮ್ಮ ಹಿತ್ತಲಲ್ಲಿ ವೈನಿನ ಪರೀಕ್ಷೆ ಶುರುವಾಯಿತು. ಕಾಕಾ ಚಹಾದ ಗಾಜಿನ ಲೋಟವನ್ನು ಬಿಸಿಲಿಗೆ ಹಿಡಿದು, "ದಾಳಿಂಬರಿ ಅಲ್ಲ, ಗಿರಿಕುಂಕುಮ" ಎಂದು ಸೀರೆಯ ಭಾಷೆಯಲ್ಲಿ ಬಣ್ಣ ಹೇಳುವನು. ಮೂಸುವನು, ಗಲ್ಲ ಉಬ್ಬಿಸಿ ಆಡಿಸುವನು, ಕರಿಬೇವಿನ ಗಿಡದ ಬುಡಕ್ಕೆ ಉಗುಳುವನು. ಕಾಕು ಬ್ಯಾಟರಿ ಬಿಟ್ಟು ಅವನ ಗಂಟಲು ತಪಾಸಿಸುವಳು! ಆ ಗಿಡ ಏನು ಸೊಕ್ಕಿ ಬೆಳೆಯಿತು ಅಂತೀರಿ? ಅದರ ಎಲೆ ಹಾಕಿದ ಸಾರಿದ್ದ ದಿನ ನಮ್ಮಜ್ಜಿ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು.

ಸಾಹೇಬ ಬಂದಾಗಲೆಲ್ಲ ಒಂದೊಂದು ಸೀಮೆಯ ಬಾಟಲಿ ಬಂತು. ಓಹಾಯೋದ ಕಟಾಬಾ ದ್ರಾಕ್ಷಿಯದಕ್ಕೆ ಕಾಕಾ, "ಹುಳಿ ಮುಂದ, ಸಿಹಿ ಹಿಂದ. ಥೇಟ್ ನಮ್ಮ ಅತ್ತಿ ಮಾತು" ಎಂದ. ಮಿಸ್ಸೌರಿಯ ನಾರ್ಟನ್ ದ್ರಾಕ್ಷಿಯದು ಅವನಿಗೆ ಪಂಚಪ್ರಾಣ. ಸಾಹೇಬನನ್ನು ಬಾದಾಮಿಯ ಗುಹೆ ತೋರಿಸಲು ಕರೆದೊಯ್ದವನು ಗುಹೆ ಬಿಟ್ಟು, ಆ ವೈನಿಗೆ ಬದನೆಕಾಯಿ ಎಣ್ಣೆಗಾಯಿಯೇ ಜೋಡಿ ಎಂದು ದಾರಿಯುದ್ದಕ್ಕೂ ವಾದಿಸಿದನಂತೆ.

ಒಮ್ಮೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನಾನೂ ಜೊತೆಗಿದ್ದೆ. ಹಣ್ಣು ಮಾರುವವಳೊಬ್ಬಳ ಬುಟ್ಟಿಯಲ್ಲಿ ಬೆಂಗಳೂರಿನ ಕಡೆಯ ಕಪ್ಪು ದ್ರಾಕ್ಷಿ ಇತ್ತು. ಕಾಕಾ ಮೂಸಿ ನೋಡಿ, "ಇದರ ವಂಶ ಅಮೆರಿಕಾದ್ದು!" ಎಂದು ಕೂಗಿದ.

"ಲಾರ್ಯಾಗ ಬಂದಾವ್ರಿ, ವಿಮಾನದಾಗಲ್ಲ," ಎಂದಳು ಮಾರುವವಳು. "ತಗೊಳ್ಳೂದಿದ್ರ ತಗೊಳ್ರಿ, ಬರೇ ಮೂಸಬ್ಯಾಡ್ರಿ."

"ಹಿಚುಕಿದ್ರ ಸಿಪ್ಪಿ ಬಿಟ್ಟು ತಿರುಳು ಹೆಂಗ ಜಿಗೀತೈತಿ ನೋಡವಾ, ಅದ ಗುರುತು!" ಎಂದು ಕಾಕಾ ಹಿಚುಕಿ ತೋರಿಸಿದ. ತಿರುಳು ಜಿಗಿದದ್ದು ನಮ್ಮ ಬಸ್ಸಿನ ಕಂಡಕ್ಟರನ ಮುಖಕ್ಕೆ. ಬಸ್ಸು ನಮ್ಮನ್ನು ಬಿಟ್ಟು ಹೋಯಿತು.

ಜನ ನಗುತ್ತಿದ್ದರು, ನಿಜ. ಆದರೆ ಕ್ವಾರಿಯ ಮಾಲಕನೂ ಕಾಕಾನನ್ನು ಕುರ್ಚಿ ಕೊಟ್ಟು ಕೂಡಿಸುತ್ತಿದ್ದುದು ಆ ನಾಲಿಗೆಯ ದೆಸೆಯಿಂದಲೇ. ಮಗ್ಗ ಬಾರದ ನೇಕಾರನಿಗೆ ಬೇರೆ ಯಾವ ಮರ್ಯಾದೆ ಇತ್ತು?

ಎಂಬತ್ತರ ದಶಕದ ನಡುವೆ ಅವನಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಒಯ್ದಿತು. ಉಪ್ಪು, ಹುಳಿ, ಸಿಹಿ ಅಷ್ಟೇ ತಿಳಿಯುತ್ತಿತ್ತು; ಮಾವಿನಹಣ್ಣಿಗೂ ಸಕ್ಕರೆ ನೀರಿಗೂ ವ್ಯತ್ಯಾಸವೇ ಇರಲಿಲ್ಲ. ಬಾಗಲಕೋಟೆಯ ಡಾಕ್ಟರು, "ಬಂದ್ರ ಬರ್ತೈತಿ, ಇಲ್ಲಾಂದ್ರ ಇಲ್ಲ" ಎಂದು ಕೈಚೆಲ್ಲಿದರು. ಕಾಕಾ ಮಾತು ಕಡಿಮೆ ಮಾಡಿದ. ಅವನ ಹುಚ್ಚಾಟವಿಲ್ಲದ ಮನೆಯಲ್ಲಿ ನಮಗೂ ಬೇಸರ.

ಅಂಥ ಹೊತ್ತಿನಲ್ಲೇ ಸಾಹೇಬ ಬರಬೇಕೇ! ಈ ಸಲ ತಂದದ್ದು ಅಂಗಡಿಯ ಬಾಟಲಿಯಲ್ಲ. ಮಿಸ್ಸೌರಿಯಲ್ಲಿ ತನ್ನ ಮನೆಯ ಹಿಂದೆ ತಾನೇ ನೆಟ್ಟ ನಾರ್ಟನ್ ಬಳ್ಳಿಯ ಮೊದಲ ವೈನು. ಇನ್ನೂ ಯಾರಿಗೂ ಕೊಟ್ಟಿಲ್ಲ, ಮೊದಲು ನೀನೇ ಹೇಳಬೇಕು ಎಂದು ಹಿತ್ತಲ ಕಟ್ಟೆಯ ಮೇಲೆ ಕುಳಿತ.

ಕಾಕಾ ಮೂಸಿದ. ಬಾಯಲ್ಲಿ ಆಡಿಸಿ ಉಗುಳಿದ. ಮತ್ತೆ ಮೂಸಿದ. "ವೆರಿ ಗುಡ್" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ವೈನಿನ ವಿಷಯದಲ್ಲಿ ಸುಳ್ಳು ಹೇಳಲು ಅವನಿಂದ ಆಗಲಿಲ್ಲ. "ಏನೂ ತಿಳೀವಲ್ದು," ಎಂದು ಕಾಕುವಿನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು.

ಕಾಕು ಅವನ ಕೈಯಿಂದ ಲೋಟ ತೆಗೆದುಕೊಂಡಳು. ಹೆಂಡದ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದ ಹೆಂಗಸು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ನುಂಗಿದಳು.

"ಮೊದಲ ಹುಳಿ ಐತ್ರಿ," ಎಂದಳು. "ಹಿಂದ ನೇರಳಿ ಹಣ್ಣಿಂದು ಒಗರು. ಆಮ್ಯಾಲೆ... ಹೊಸಾ ಗಡಿಗಿಗೆ ನೀರು ಹಾಕಿದ್ರ ಬರ್ತೈತಲ್ರಿ, ಆ ವಾಸನಿ."

"ಕಡೀಕ?" ಕಾಕಾ ಕೇಳಿದ.

"ತಡೀರಿ. ರುಚಿ ಇನ್ನೂ ನಾಲಿಗಿ ಬಿಟ್ಟು ಹೋಗವಲ್ದು."

ಕಾಕಾ ಸಾಹೇಬನ ಕಡೆ ತಿರುಗಿ, "ಮೈ ವೈಫ್ ಸೇಸ್" ಎಂದು ಶುರುಮಾಡಿ, ನೇರಳೆ, ಗಡಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ಎದ್ದು ನಿಂತು ಕೇಳಿದ. ನನಗೆ ಅಳು ತಡೆಯಲಾಗಲಿಲ್ಲ.

ಕಾಕು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಎರಡನೆಯ ಗುಟುಕು ಕುಡಿದು, ಗಂಡನ ಕೈ ಹಿಡಿದು, "ಇಲ್ಲಿ ಕೇಳ್ರಿ, ಇದರಾಗ ಇನ್ನೊಂದು ರುಚಿ ಐತಿ," ಎಂದಳು.