ಚಿಕ್ಕಪ್ಪನ ಆಯುಧ

ನಮ್ಮ ಚಿಕ್ಕಪ್ಪ ಯಾರನ್ನೂ ಮುಖ ನೋಡಿ ಗುರುತಿಸಿದ್ದನ್ನು ನಾನಂತೂ ಕಂಡಿಲ್ಲ! ಚಾಮರಾಜಪುರಂನ ಅವರ ಮನೆ ಬಾಗಿಲಲ್ಲಿ ನಿಂತರೆ ಸಾಕು, ಒಮ್ಮೆ ಗಾಳಿ ಎಳೆದುಕೊಂಡು, “ಬೆಳಿಗ್ಗೆ ಉಪ್ಪಿಟ್ಟು ಸೀದೋಗಿತ್ತೇನೋ?” ಎನ್ನುತ್ತಿದ್ದರು. ನಿಜಕ್ಕೂ ಸೀದುಹೋಗಿರುತ್ತಿತ್ತು! ಇಂಥ ಮೂಗಿಗೆ ಯಾವ ಧೈರ್ಯದ ಮೇಲೆ ಹೆಣ್ಣು ಕೊಟ್ಟರೋ?

ಮಾರುಕಟ್ಟೆಯಲ್ಲಂತೂ ಮಾನ ಹರಾಜು. ಮಲ್ಲಿಗೆಯ ಒಂದೊಂದು ಮಾರನ್ನೂ ಎತ್ತಿ ಮೂಸುವರು. ಹೂವಿನವಳು ರೇಗುವಳು: “ಮೂಸಿದ ಹೂವ ದೇವ್ರಿಗಿಡಂಗಿಲ್ಲ ಸ್ವಾಮಿ, ಬುಟ್ಬುಡಿ!”

“ದೇವ್ರಿಗಲ್ಲ ಕಣಮ್ಮ, ನನ್ನ ಹೆಂಡ್ತಿಗೆ.”

ತಮಾಷೆ ಏನೆಂದರೆ, ಚಿಕ್ಕಮ್ಮನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಯಾವುದೋ ವಿಷಮ ಜ್ವರ ಬಂದು ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿತ್ತು. ದಿನಾ ಸಂಜೆ ಹೂ ಮುಡಿಯುವ ಮುಂಚೆ, “ಇವತ್ತಿಂದು ಎಂಗಿದೆ ಹೇಳ್ರೀ” ಎಂದು ಕೇಳುವರು. ಚಿಕ್ಕಪ್ಪ ಕಣ್ಣು ಮುಚ್ಚಿ ವರದಿ ಒಪ್ಪಿಸುವರು: “ಇವತ್ತಿಂದು ಸ್ವಲ್ಪ ಜಂಬದ್ದು. ಮಳೇಲಿ ನೆಂದಿದೆ. ನಮ್ಮ ಧಾರೆ ದಿನ ನಿನ್ನ ಜಡೇಲಿತ್ತಲ್ಲ, ಅದರ ತಂಗಿ.”

ಅವರ ಕೆಲಸವೂ ಮೂಗಿನದೇ, ಪ್ರಯೋಗಾಲಯದಲ್ಲಿ ವಾಸನೆಯ ಸಂಶೋಧನೆ. ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳಿವೆಯಂತೆ. ಅವುಗಳ ಒಂದು ಚೂರನ್ನು ಪ್ರಯೋಗಾಲಯದ ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಆಂಟಿಬಾಡಿ ಹುಟ್ಟುತ್ತದೆ. ಅದು ಗ್ರಾಹಕಕ್ಕೇ ಹೋಗಿ ಅಂಟಿಕೊಂಡು, ‘ಇಲ್ಲಿದೆ’ ಎಂದು ತೋರಿಸಬೇಕು. ಚಿಕ್ಕಪ್ಪನ ಮೊಲಗಳ ಆಂಟಿಬಾಡಿಗಳು ಸಿಕ್ಕಿದ್ದಕ್ಕೆಲ್ಲ ಅಂಟುತ್ತಿದ್ದವು! “ಒಳ್ಳೇ ಆಂಟಿಬಾಡಿ ಅಂದ್ರೆ ಮದುವೆ ಛತ್ರದಿಂದ ಹೊರಡೋವಾಗ ತನ್ನ ಚಪ್ಪಲೀನೇ ಹುಡುಕಿ ಮೆಟ್ಕೊಳ್ಳೋ ಮನುಷ್ಯ ಕಣೋ. ನಮ್ಮವು ಕಾಲಿಗೆ ಸಿಕ್ಕಿದ್ದು ಮೆಟ್ಕೊಂಡು ಹೊರಟುಬುಡ್ತವೆ.”

ಮೊಲಗಳಿಗೆ ರಾಜೋಪಚಾರ. ಎಳೆ ಕ್ಯಾರೆಟ್ ಅವಕ್ಕೆ, ಮುರುಟಿದ್ದು ಮನೆಗೆ. “ಮುಂದಿನ ಜನ್ಮಕ್ಕೆ ಮೊಲ ಆಗೇ ಹುಟ್ತೀನಿ” ಎಂದು ಚಿಕ್ಕಮ್ಮ ಗೊಣಗುವರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಮುದಿ ಮೊಲ ಕೊನೆಗೂ ಒಲಿಯಿತು. ಅದರ ಆಂಟಿಬಾಡಿ ಗ್ರಾಹಕವೊಂದಕ್ಕೇ ಅಂಟಿತು, ಬೇರೆ ಯಾವುದಕ್ಕೂ ಅಲ್ಲ! ಪುಣ್ಯಾತ್ಮ ಮೊಲ ಆ ತಿಂಗಳೇ ಸತ್ತಿತು. ಉಳಿದಿದ್ದು ಅದರ ಆಂಟಿಬಾಡಿ ತುಂಬಿದ ಒಂದು ಡಬ್ಬಿಯಷ್ಟು ಸೀಸೆಗಳು. ದಸರಾ ಕಳೆದ ಮೇಲೆ ಡಾಕ್ಟರೊಬ್ಬರು ಚಿಕ್ಕಮ್ಮನ ಮೂಗಿನಿಂದ ಒಂದು ಚೂರು ತೆಗೆದುಕೊಡುವುದೆಂದು ಮಾತಾಗಿತ್ತು. ಆಂಟಿಬಾಡಿ ಅದಕ್ಕೆ ಅಂಟಿ, ಗ್ರಾಹಕಗಳು ಇನ್ನೂ ಉಳಿದಿವೆಯೆಂದು ತೋರಿಸಿದರೆ ವಾಸನೆ ಮರಳುವ ಆಸೆ ಇಟ್ಟುಕೊಳ್ಳಬಹುದು. ತಣ್ಣಗಿಡದಿದ್ದರೆ ಅದು ಕೆಟ್ಟುಹೋಗುತ್ತದೆ; ರಜೆಯಲ್ಲಿ ಪ್ರಯೋಗಾಲಯದ ಕರೆಂಟನ್ನು ನಂಬದೆ ಚಿಕ್ಕಪ್ಪ ಡಬ್ಬಿಯನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದರು.

ವಿಜಯದಶಮಿಯ ಬೆಳಿಗ್ಗೆ ಅವರು ಮರಳಿದಾಗ ನಾನೂ ಹಬ್ಬದೂಟಕ್ಕೆಂದು ಅಲ್ಲೇ ಇದ್ದೆ. ಬಾಗಿಲಲ್ಲೇ ಚಿಕ್ಕಪ್ಪನ ಮೂಗು ಅರಳಿತು, ಮುಖ ಬಾಡಿತು. ದೇವರಮನೆಯಲ್ಲಿ ಈಳಿಗೆಮಣೆ, ಕತ್ತರಿ, ಸುತ್ತಿಗೆಗಳ ನಡುವೆ ಆ ಡಬ್ಬಿ! ಕುಂಕುಮ, ಸೇವಂತಿಗೆ, ಎರಡೂ ಪಕ್ಕ ಎಣ್ಣೆ ದೀಪ. ಸೀಸೆಯೊಳಗಿನ ದ್ರವ ಒಡೆದ ಹಾಲಿನಂತಾಗಿ ನಾರುತ್ತಿತ್ತು. ಚಿಕ್ಕಮ್ಮನಿಗೆ ಅದು ಹೇಗೆ ಗೊತ್ತಾಗಬೇಕು?

“ನಿಮ್ಮ ಆಯುಧ ಅಂದ್ರೆ ಇದೇ ತಾನೆ?” ಎಂದರು ಸಂಭ್ರಮದಿಂದ. “ನಿನ್ನೆ ಪೂಜೆಗಿಟ್ಟಿದ್ದು. ಇವತ್ತಿನ ಪೂಜೆ ಆಗೋವರ್ಗೂ ಮುಟ್ಟಬೇಡಿ ಕಣ್ರೀ.”

ಚಿಕ್ಕಪ್ಪ ಮುಟ್ಟಲಿಲ್ಲ. ಶಲ್ಯ ಹೊದ್ದು ಕೂತು ಮಂಗಳಾರತಿ ತೆಗೆದುಕೊಂಡರು. ಹಿತ್ತಲಲ್ಲಿ ಸೀಸೆಗಳನ್ನು ಖಾಲಿ ಮಾಡುವಾಗ ನನಗಷ್ಟೇ ಹೇಳಿದರು: “ಅವಳ ಕಿವಿಗೆ ಹಾಕ್ಬೇಡ ಕಣೋ.” ಒಳಗೆ ಬಂದು ಹೆಂಡತಿಗೆ, “ಡಾಕ್ಟ್ರು ಈಗ ಬೇಡ ಅಂದ್ರು, ಬುಡು” ಎಂದರು. ಅಂಥ ಆಂಟಿಬಾಡಿ ಇನ್ನೊಂದು ಮೊಲದಲ್ಲಿ ಹುಟ್ಟಲೇ ಇಲ್ಲ. ಆದರೂ ಪ್ರತಿ ಆಯುಧಪೂಜೆಗೆ ಆ ಖಾಲಿ ಡಬ್ಬಿಯನ್ನು ಒರೆಸಿ ಚಿಕ್ಕಮ್ಮನ ಕೈಗೆ ಕೊಡುತ್ತಿದ್ದವರು ಚಿಕ್ಕಪ್ಪನೇ.

ಅವರು ತೀರಿಕೊಂಡ ಮರುವರ್ಷದ ದಸರೆಗೆ ನಾನು ಮಲ್ಲಿಗೆ ಒಯ್ದೆ. ಚಿಕ್ಕಮ್ಮ ಡಬ್ಬಿಗೆ ಕುಂಕುಮ ಹಚ್ಚಿ, ಹೂವನ್ನು ಅಂಗೈಯಲ್ಲಿ ಹಿಡಿದು ಕೇಳಿದರು: “ಇವತ್ತಿಂದು ಎಂಗಿದೆ ಹೇಳೋ.”

ನಾನು ಕಣ್ಣು ಮುಚ್ಚಿ ಮೂಸಿದೆ. “ಚೆನ್ನಾಗಿದೆ ಚಿಕ್ಕಮ್ಮ” ಎಂದೆ.

ಅವರು ಅಂಗೈಯನ್ನು ನನ್ನ ಮೂಗಿನ ಇನ್ನೂ ಹತ್ತಿರಕ್ಕೆ ಚಾಚಿದರು. “ಅಷ್ಟೇನಾ?” ಎಂದರು.