ಹದಿನೇಳನೆಯ ಹೆಸರು

ಕಳೆದ ಗುರುವಾರ, ಬೆಳಿಗ್ಗೆ ಐದೂವರೆ ಗಂಟೆ. ಸ್ಥಳ: ಕೊಯಮತ್ತೂರಿನ ಹತ್ತಿರದ ಪಲ್ಲಡಂನಲ್ಲಿ ನಮ್ಮ ಮನೆಯ ಮುಂಕೋಣೆ. ಹಾಜರಿದ್ದವರು: ನಾನು, ಅಡುಗೆಮನೆಯಲ್ಲಿ ನನ್ನ ಹೆಂಡತಿ ಎಸ್ತೇರ್, ಮತ್ತು ಎಲ್ಲೆಲ್ಲೂ ಹಾಜರಿರುವ ದೇವರು.

ನಾನು ಮೂವತ್ತು ವರ್ಷ ನೂಲಿನ ಮಿಲ್ಲೊಂದರಲ್ಲಿ ಟೈಮ್‌ಕೀಪರ್ ಆಗಿದ್ದವನು. ಒಂದು ನಿಮಿಷ ತಡವಾಗಿ ಬಂದವರನ್ನೂ ಗೇಟಿನಿಂದಲೇ ಮನೆಗೆ ಕಳಿಸುತ್ತಿದ್ದೆ. ನನ್ನ ಪ್ರಾರ್ಥನೆಗೂ ಅದೇ ಕಾನೂನು. ಪಟ್ಟಿಯಲ್ಲಿ ಹದಿನೇಳು ಹೆಸರು. ನಡುವೆ ಮನಸ್ಸು ಅತ್ತಿತ್ತ ಹೋಯಿತೋ, ಮತ್ತೆ ಒಂದನೆಯ ಹೆಸರಿನಿಂದ ಶುರು!

ಹದಿನೇಳನೆಯದು ಪಕ್ಕದ ಮನೆಯ ನಂಜಪ್ಪನದು. ಅಂದು ಹನ್ನೊಂದಕ್ಕೆ ಕೊಯಮತ್ತೂರಿನಲ್ಲಿ ಅವನಿಗೆ ಕಣ್ಣಿನ ಆಪರೇಷನ್. ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದು ಇದೊಂದೇ. ಅವನ ಹೆಂಡತಿ ರಂಗಮ್ಮ ತನ್ನ ತಮ್ಮನ ಜೊತೆ ಗಂಡನನ್ನು ಕಳಿಸಿ, ಕರೆಂಟು ಮಗ್ಗ ಬಿಡಲಾಗದೆ ತಾನು ಉಳಿದಿದ್ದಳು. ಹಿಂದಿನ ದಿನ ಬಂದು ಹೇಳಿದ್ದಳು: "ನಮ್ಮ ಸಾಮಿಗೆ ನಾನ್ ಹೇಳ್ಕಂಡಿದೀನಿ. ನಿಮ್ಮ ಸಾಮಿಗೆ ನೀವು ಹೇಳಿ ಅಣ್ಣಾ. ನೀವು ಟೈಮಿಗೆ ಸರಿಯಾದವ್ರು."

ಟೈಮಿಗೆ ಸರಿಯಾದವನು ಮಂಡಿಯೂರಿದೆ. ಮೂರನೆಯ ಹೆಸರಿಗೆ ನೀರಿನ ಮೋಟರ್ ನೆನಪಾಯಿತು. ಎದ್ದು ಆರಿಸಿ ಬಂದು, ಒಂದರಿಂದ ಶುರು. ಎಂಟನೆಯ ಹೆಸರಿನವರು ಒಯ್ದ ನನ್ನ ಏಣಿಯನ್ನು ಇನ್ನೂ ತಂದುಕೊಟ್ಟಿಲ್ಲವೆಂದು ಹೊಳೆಯಿತು. ಸ್ವಲ್ಪ ಹೊತ್ತು ಏಣಿಯನ್ನೇ ಧ್ಯಾನಿಸಿದೆ. ಮತ್ತೆ ಒಂದು! ಬಿಸಿಲೇರುವ ಹೊತ್ತಿಗೆ, ಪಟ್ಟಿಯಲ್ಲಿ ಮೊದಲಿಗಳಾದ ನನ್ನ ದೊಡ್ಡಕ್ಕನ ಮಂಡಿನೋವಿಗೆ ಹತ್ತು ಸಲ ಪ್ರಾರ್ಥನೆ ಸಂದಿತ್ತು. ನಂಜಪ್ಪನ ಕಣ್ಣಿಗೆ ಒಂದೂ ಇಲ್ಲ.

ಕೊನೆಗೆ ಫೋನಿನಲ್ಲಿ ಹನ್ನೊಂದಕ್ಕೆ ಅಲಾರಂ ಇಟ್ಟೆ. ಅದು ಸರಿಯಾಗಿಯೇ ಬಡಿಯಿತು. ನಾನೂ ಸರಿಯಾಗಿಯೇ ಎದ್ದು, ಅಲಾರಂ ಆರಿಸಿ, ಚೀಲ ಹಿಡಿದು ರೇಷನ್ ಅಂಗಡಿಗೆ ಹೊರಟೆ! ಹಿಂದಿನ ತಿಂಗಳು ಅದೇ ಅಲಾರಂ ಅಕ್ಕಿಗಾಗಿ ಬಡಿದಿತ್ತು. ಕಾಲಿಗೆ ಅದೇ ಅಭ್ಯಾಸ. ಸಾಲಿನಲ್ಲಿ ನಿಂತು, ಮುಂದಿದ್ದವರಿಗೆ ಸಮಯಪಾಲನೆಯ ಮಹತ್ವ ವಿವರಿಸುತ್ತಿದ್ದಾಗ ಗೋಡೆ ಗಡಿಯಾರ ಕಂಡಿತು. ಹನ್ನೆರಡೂಕಾಲು. ಚೀಲ ಅಲ್ಲೇ ಬಿಟ್ಟು ಓಡಿದೆ.

ರಂಗಮ್ಮನ ಮಗ್ಗದ ಶೆಡ್ಡಿಗೇ ಹೋಗಿ ತಪ್ಪೊಪ್ಪಿಕೊಂಡೆ. ನನ್ನ ಕಾನೂನನ್ನೂ ವಿವರಿಸಿದೆ. ಎಳೆಯೊಂದು ತುಂಡಾಗಿ ಮಗ್ಗ ನಿಂತಿತ್ತು. ಅವಳು ತಲೆ ಎತ್ತದೆ ಗಂಟು ಹಾಕುತ್ತಿದ್ದಳು.

"ಅವರನ್ನ ಇನ್ನೂ ಒಳಗೆ ಕರೀಲಿಲ್ವಂತೆ. ಈಗ ಹೇಳಿ ಅಣ್ಣಾ," ಎಂದಳು. ಆಮೇಲೆ, "ಎಳೆ ತುಂಡಾದ್ರೆ ಬಟ್ಟೆಯೆಲ್ಲಾ ಬಿಚ್ಚಿ ಮೊದ್ಲಿಂದ ನೇಯ್ತಾರಾ?"

ಗುಂಡಿ ಒತ್ತಿದಳು. ಮಗ್ಗ ನಿಂತಲ್ಲಿಂದಲೇ ಮುಂದಕ್ಕೆ ಹೋಯಿತು.

ಬಗ್ಗಿ ಬಟ್ಟೆಯ ಮೇಲೆ ಬೆರಳಾಡಿಸಿದೆ. ಬೆಳಿಗ್ಗೆಯಿಂದ ಎಷ್ಟು ಎಳೆ ತುಂಡಾಗಿದ್ದವೋ. ಬಟ್ಟೆ ಮಾತ್ರ ಇಡಿಯಾಗಿತ್ತು. ಮೂವತ್ತು ವರ್ಷ ನೂಲಿನ ಮಧ್ಯೆ ಕೂತು ನಾನು ನೋಡಿದ್ದು ಬರೀ ಗಡಿಯಾರ! ದೇವರು ತನ್ನ ಗೇಟಿಗೆ ನನ್ನಂಥ ಟೈಮ್‌ಕೀಪರನ್ನು ಇಟ್ಟಿಲ್ಲ ಎಂಬುದು ಆಗ ತಿಳಿಯಿತು. ಆ ಸದ್ದಿನಲ್ಲೇ ಕೈ ಜೋಡಿಸಿ ಹದಿನೇಳನೆಯ ಹೆಸರನ್ನೇ ಮೊದಲು ಹೇಳಿದೆ. ಎರಡು ಸಲ ಮನಸ್ಸು ಏಣಿ ಹತ್ತಿತು. ಇಳಿಸಿ, ಗಂಟು ಹಾಕಿ, ಮುಂದುವರಿದೆ.

ಐದು ಗಂಟೆಗೆ ಫೋನ್ ಬಂತು. ಆಪರೇಷನ್ ಸುಸೂತ್ರ, ಕಟ್ಟು ಬಿಚ್ಚುವುದು ಮರುದಿನ. ರಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆಗೂ ಹೇಳಿ ಅಣ್ಣಾ," ಎಂದಳು.

ಅಂಗಡಿಯವರು ನನ್ನ ಚೀಲ ತೆಗೆದಿಟ್ಟಿದ್ದರು. ಹೋಗುವಾಗ ಬರುವಾಗ ಉಳಿದ ಹದಿನಾರು ಹೆಸರನ್ನೂ ಗಂಟು ಹಾಕುತ್ತಲೇ ಮುಗಿಸಿ, ಅಕ್ಕಿ ಇಳಿಸಿ, ಎಸ್ತೇರಳಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

"ಸಂತೋಷ," ಎಂದಳು. "ಅದರಲ್ಲಿ ನಾನು ಎಷ್ಟನೆಯವಳು?"

ಪಟ್ಟಿ ತೆಗೆದು ನೋಡಿದೆ. ಕನ್ನಡಕ ಹಾಕಿಕೊಂಡೂ ನೋಡಿದೆ.

"ಇರಲಿ ಬಿಡಿ," ಎಂದಳು. "ನನ್ನ ಪ್ರಾರ್ಥನೇಲಿ ಮುಕ್ಕಾಲು ಪಾಲು ಹೊತ್ತು ನಿಮಗೇ ಹೋಗುತ್ತೆ."

ಪೆನ್ಸಿಲ್ ಚೂಪು ಮಾಡಿ ಅವಳ ಹೆಸರನ್ನು ಹದಿನೆಂಟನೆಯದಾಗಿ ಬರೆದೆ. ಯೋಚಿಸಿ, ಅಳಿಸಿ, ಒಂದನೆಯದಾಗಿ ಬರೆದೆ. ನನ್ನ ಮರೆವಿಗೆ ಅದೊಂದೇ ಸುರಕ್ಷಿತ ಸ್ಥಾನ! ಉಳಿದ ಹದಿನೇಳಕ್ಕೂ ನಂಬರು ತಿದ್ದಿ ಮುಗಿಸಿದಾಗ ಸಂಜೆ ಆರೂಮುಕ್ಕಾಲು.