ಕೂರುವುದಕ್ಕೊಂದು ಡಬ್ಬಿ ಜೋಳ

ನಮ್ಮ ಕಡೆ ಸಾರ್ವಜನಿಕರಿಗೆ ಅಂತ ಏನಾದರೂ ಕಟ್ಟಿದರೆ, ಮೊದಲು ಮಾಡುವ ಕೆಲಸ ಅದರೊಳಗೆ ಸಾರ್ವಜನಿಕರು ಬರದ ಹಾಗೆ ನೋಡಿಕೊಳ್ಳುವುದು. ಇದು ಆಗಾಗ ಆಗುತ್ತಲೇ ಇರುತ್ತದೆ. ನನಗೂ ಆಗಾಗ ನಗು ಬರುತ್ತಲೇ ಇರುತ್ತದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು. ಯಜಮಾನರಿಗೆ ಆಲಮಟ್ಟಿಯಲ್ಲಿ ಕಾಲುವೆ ಕೆಲಸ, ಹಾಗಾಗಿ ವಾಪಸ್ಸು ಹೋಗುವ ಮಾತೇ ಬರಲಿಲ್ಲ. ವರ್ಗವಾದ ಹಾಗೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಊರಿನ ನೀರು ಕುಡಿದು, ಈಗ ಅವುಗಳಲ್ಲೊಂದರಲ್ಲಿ ನೆಲೆಯಾಗಿದ್ದೇನೆ. ಯಾವುದರಲ್ಲಿ ಅಂತ ಹೇಳುವುದಿಲ್ಲ. ಹೇಳದಿದ್ದರೆ ಪ್ರತಿ ಊರಿನವರೂ ಇದು ಉಳಿದ ಮೂರು ಊರುಗಳ ಕಥೆ ಅಂದುಕೊಂಡು ಸುಖವಾಗಿರುತ್ತಾರೆ.

ಖಾಲಿ ಕೈ

ನಮ್ಮ ಓಣಿಯ ತುದಿಯಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ತಗಡಿನ ನೆರಳಲ್ಲಿ, ರಸ್ತೆಗೆ ಮುಖ ಮಾಡಿ, ಕುರ್ಚಿಯೆತ್ತರಕ್ಕೆ ಒಂದು ಉದ್ದನೆಯ ಪರಸಿ ಕಲ್ಲಿನ ಚಪ್ಪಡಿ. ನಾಲ್ಕು ಜನ ಹೆಂಗಸರು ಆರಾಮವಾಗಿ ಕೂರಬಹುದು. ನಿವೃತ್ತಿಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಹೋಗಿ ಅಲ್ಲಿ ಕೂತೆ. ಗಾಳಿಗೆ, ಅಷ್ಟೇ.

ಮೊದಲು ಬಂದವರು "ಯಾಕ್ರೀ ಅಮ್ಮಾರ, ಮನ್ಯಾಗ ಏನರ ಆಗೇತೇನ್ರಿ?" ಅಂದರು. ಎರಡನೆಯವರು "ಆರಾಮ ಇಲ್ಲೇನ್ರಿ? ದವಾಖಾನಿಗೆ ಹೋಗೂಣೇನ್ರಿ?" ಅಂದರು. ಮೂರನೆಯವರು ನನ್ನನ್ನು ಏನೂ ಕೇಳಲಿಲ್ಲ, ನೆಟ್ಟಗೆ ನಮ್ಮ ಮನೆಗೆ ಹೋಗಿ ಯಜಮಾನರಿಗೆ ಸುದ್ದಿ ಮುಟ್ಟಿಸಿದರು. ಅವರು ಚಪ್ಪಲಿ ಹಾಕಿಕೊಳ್ಳದೆ ಓಡಿ ಬಂದರು.

ಮರುದಿನ ಪಕ್ಕದ ಮನೆಯ ಅಕ್ಕ ನನ್ನ ತೊಡೆಯ ಮೇಲೆ ಒಂದು ಜೋಳದ ಡಬ್ಬಿ ಇಟ್ಟಳು. "ಬಾಯಾರ, ಗಂಡಸು ಖಾಲಿ ಕೈಲೆ ಕುಂತ್ರ ಗಾಳಿಗೆ ಕುಂತಾನಂತಾರ. ಹೆಣಮಗಳು ಖಾಲಿ ಕೈಲೆ ಕುಂತ್ರ ಮನಿ ಬಿಟ್ಟು ಬಂದಾಳಂತಾರ. ಹಿಡೀರಿ ಇದನ್ನ."

ಡಬ್ಬಿ ಹಿಡಿದ ಮೇಲೆ ಯಾರೂ ತಿರುಗಿ ನೋಡಲಿಲ್ಲ. ನಾನೂ ಅಕ್ಕನೂ ಎಂಟು ದಿನ ಅದೇ ಡಬ್ಬಿ ಹಿಡಿದು ಹೋದೆವು, ಅದೇ ಡಬ್ಬಿ ಹಿಡಿದು ಬಂದೆವು. ಕೊನೆಗೆ ಗಿರಣಿಯವನು ಹೊರಗೆ ಬಂದ. "ಅಕ್ಕಾರ, ಎಂಟು ದಿನದಿಂದ ಇದ ಜ್ವಾಳ ಬರಾಕತ್ತೈತಿ. ಬೀಸೂದಿಲ್ಲೇನ್ರಿ?"

"ಅವಸರ ಮಾಡಬ್ಯಾಡೋ ತಮ್ಮಾ," ಅಂದಳು ಅಕ್ಕ. "ಅದರ ಪಾಳಿ ಇನ್ನಾ ಬಂದಿಲ್ಲ."

ಬೀಗ

ಆಮೇಲೆ ನಮ್ಮೂರಿಗೆ ಉದ್ಯಾನವನ ಬಂತು. ಹುಲ್ಲು, ಕಾರಂಜಿ, ಕಮಾನು, ಕಮಾನಿನ ಮೇಲೆ ಎರಡು ಸಿಮೆಂಟಿನ ನವಿಲು. ಉದ್ಘಾಟನೆಯ ದಿನ ಜನ ಒಳಗೆ ಹೋಗಿದ್ದೇ ಕೊನೆ, ಮರುದಿನ ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ. ಬೆಳಗ್ಗೆ ಆರರಿಂದ ಎಂಟರವರೆಗೆ ತೆರೆದಿರುತ್ತದೆ ಅಂತ ಬರೆದಿದ್ದರು. ಈ ಕಡೆ ಆರರಿಂದ ಎಂಟರವರೆಗೆ ಹೆಂಗಸರೆಲ್ಲ ರೊಟ್ಟಿ ಬಡಿಯುತ್ತಿರುತ್ತಾರೆ. ಇದನ್ನು ತಿಳಿದವರೇ ಆ ವೇಳೆ ಗೊತ್ತು ಮಾಡಿರಬೇಕು.

ಒಂದು ಸಂಜೆ ಅಕ್ಕ ಗೇಟಿನ ಸರಳು ಹಿಡಿದು ಕಾವಲುಗಾರನನ್ನು ಕರೆದಳು. "ಯಾಕೋ ತಮ್ಮಾ, ಬೀಗ ಯಾಕ ಹಾಕೀದಿ?"

"ತೆಗದ್ರ ಮಂದಿ ಬರ್ತಾರ್ರೀ ಆಯಿ."

"ಮಂದಿಗಂತನ ಕಟ್ಯಾರಲ್ಲೋ?"

"ಕಟ್ಯಾರ ಖರೆ. ಬಂದ್ರ ಹೊಲಸಾಗತೈತ್ರಿ. ಸಾಹೇಬ್ರು ಹೊಸಾದು ಇದ್ದಂಗ ಇಡು ಅಂದಾರ."

ಹಾಗೆಯೇ ಇಟ್ಟ, ಪಾಪ. ಒಳಗಿನ ಕಸದ ಬುಟ್ಟಿಗಳಿಗೂ ಅಂಗಡಿಯ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

ಬೆಂಚು

ಯಾವುದೋ ಹಬ್ಬಕ್ಕೆ ಒಂದು ದಿನ ಸಂಜೆ ಗೇಟು ತೆರೆದರು. ನಾವು ನಾಲ್ವರು, ಅಂದರೆ ನಾನು, ಅಕ್ಕ, ಅಕ್ಕನ ನಾದಿನಿ, ಎದುರು ಮನೆಯ ಟೀಚರಮ್ಮ, ಡಬ್ಬಿಗಳ ಸಮೇತ ಒಳಗೆ ಹೋದೆವು. ಬೆಂಚುಗಳಿದ್ದವು, ಕಪ್ಪು ಗ್ರಾನೈಟಿನವು. ಅಕ್ಕ ಕೂತಳು, ಕೂತಷ್ಟೇ ಬೇಗ ಎದ್ದಳು. "ಯವ್ವಾ, ಇದರ ಮ್ಯಾಲೆ ರೊಟ್ಟಿ ಹಾಕಿದ್ರ ಉಬ್ಬತೈತಿ!"

ಕಾವಲುಗಾರ ಹೇಳಿದ್ದ ಎಂಜಿನಿಯರ್ ಸಾಹೇಬರೂ ಅಲ್ಲೇ ಇದ್ದರು. "ನೆಳ್ಳಿಗೆ ಗಿಡ ಹಚ್ಚಬಾರದೇನ್ರಿ?" ಅಂತ ಅಕ್ಕ ಕೇಳಿದಳು.

"ಗಿಡ ಹಚ್ಚಿದ್ರ ಎಲಿ ಉದರತಾವ್ರಿ," ಅಂದರು ಅವರು. ಗೇಟಿನ ಹತ್ತಿರ ಹಳೆಯ ಬೇವಿನ ಮರ ಒಂದಿತ್ತು. ಅದನ್ನು ಕಡಿಯುವ ಟೆಂಡರು ಇನ್ನೂ ಆಗದಿದ್ದರಿಂದ ಉಳಿದುಕೊಂಡಿತ್ತು.

ಬೆಂಚುಗಳು ಒಂದರಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ ದೂರ. ಒಂದೊಂದರಲ್ಲಿ ಒಬ್ಬರೇ ಕೂರಬೇಕು, ಎಲ್ಲರ ಮುಖವೂ ಉದ್ಘಾಟನೆಯ ಕಲ್ಲಿನ ಕಡೆಗೆ. ಬಿಸಿಲು ಇಳಿದ ಮೇಲೆ ನಾಲ್ವರೂ ಒಂದೊಂದು ಬೆಂಚು ಹಿಡಿದು, ಗಣ್ಯರ ಹೆಸರುಗಳನ್ನು ಓದುತ್ತಾ ಮಾತಿಗೆ ಶುರು ಮಾಡಿದೆವು. ಅಕ್ಕನ ನಾದಿನಿಗೆ ತನ್ನ ಸೊಸೆಯ ಸಂಗತಿ ಹೇಳಬೇಕಿತ್ತು. ಹತ್ತು ಹೆಜ್ಜೆ ಆಚೆಗೆ ಕೇಳಬೇಕಲ್ಲ, ಕೂಗಿಯೇ ಹೇಳಿದಳು.

ಮನೆಗೆ ಹೋಗುವಷ್ಟರಲ್ಲಿ ಸೊಸೆ ಉತ್ತರ ಸಿದ್ಧ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಕಲ್ಲು ಕಾಣೆ

ಒಂದು ದಿನ ಗಿರಣಿಗೆ ಹೋದರೆ ಕಲ್ಲಿಲ್ಲ. ಅದಿದ್ದ ಜಾಗದಲ್ಲಿ ಗಟಾರ ತೋಡಿದ್ದಾರೆ. ಗಿರಣಿಯವನು ತನ್ನ ಒಂದೇ ಕುರ್ಚಿ ತಂದಿಟ್ಟ. ನಾಲ್ವರು ಅದರ ಸುತ್ತ ನಿಂತು ಒಬ್ಬರಿಗೊಬ್ಬರು "ನೀ ಕುಂದ್ರು, ನೀ ಕುಂದ್ರು" ಅಂದುಕೊಂಡು ಮನೆಗೆ ಬಂದೆವು.

ಅಕ್ಕನ ಮೊಣಕಾಲು ಹೋಗಿ ವರ್ಷಗಳಾಗಿವೆ. ನಿಲ್ಲಲು ಆಗದು. ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ದಿನಕ್ಕೆ ಅವಳು ಮನೆಯ ಹೊಸ್ತಿಲು ದಾಟುತ್ತಿದ್ದುದು ಆ ಕಲ್ಲಿಗಾಗಿ ಒಂದೇ ಸಲ. "ಇನ್ನ ನಾ ಎಲ್ಲಿಗೆ ಬರ್ಲಿ ಬಾಯಾರ? ಗ್ವಾಡಿ ನೋಡಿಕೋತ ಕುಂದ್ರೂದ ಆತು," ಅಂದಳು. ಹದಿನೈದು ದಿನ ಹೊರಗೆ ಬರಲೇ ಇಲ್ಲ. ಅವಳ ಬಾಯಿ ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು, ಒಂದಿಷ್ಟೂ ಚೆನ್ನಾಗಿರಲಿಲ್ಲ.

ಗಟಾರದ ಕೆಲಸದವರನ್ನು ಕೇಳಿದೆ: "ಕಲ್ಲು ಎಲ್ಲಿ ಹಾಕೀರಪ್ಪ?"

"ಗಾರ್ಡನ್ದಾಗ ಐತ್ರಿ. ಸಾಹೇಬ್ರು ಭದ್ರ ಇಡ್ರಿ ಅಂದ್ರು. ಊರಾಗ ಯಾರೂ ಬರದ ಜಾಗಾ ಅದೊಂದ ನೋಡ್ರಿ."

ಹೋಗಿ ಸರಳಿನ ಸಂದಿಯಿಂದ ಇಣುಕಿದೆ. ಹೌದು, ಬೇವಿನ ಮರದ ಕೆಳಗೆ, ಗೇಟಿನ ಪಕ್ಕದಲ್ಲೇ, ರಸ್ತೆಗೆ ಮುಖ ಮಾಡಿ ನಮ್ಮ ಕಲ್ಲು. ಬುತ್ತಿ ಉಣ್ಣಲು ಅನುಕೂಲವಾಗಲಿ ಅಂತ ಕೆಲಸದವರು ಎರಡು ದಿಮ್ಮಿ ಕಲ್ಲಿನ ಮೇಲೆ ಏರಿಸಿ ಇಟ್ಟಿದ್ದರು. ಬೀಗ ಮಾತ್ರ ಎಂದಿನಂತೆ ಗಟ್ಟಿಯಾಗಿತ್ತು.

ಊರಲ್ಲಿ ಕೂರಲು ಯೋಗ್ಯವಾದ ಜಾಗ ಇದ್ದದ್ದು ಒಂದೇ. ಅದನ್ನು ಬಂಧಿಸಿಟ್ಟಿದ್ದರು.

ಬಹುಮಾನ

ಅಷ್ಟರಲ್ಲಿ ಸ್ಪರ್ಧೆ ಬಂತು. ಪಟ್ಟಣಗಳ ಸಾರ್ವಜನಿಕ ಜಾಗಗಳನ್ನು ನೋಡಿ ಬಹುಮಾನ ಕೊಡುವವರು ಮರುದಿನ ಬರುತ್ತಾರೆ ಅಂತ ಸುದ್ದಿ. ಉದ್ಯಾನ ಕನ್ನಡಿಯಂತಿತ್ತು. ಒಂದೇ ಕೊರತೆ, ಅದರಲ್ಲಿ ಮನುಷ್ಯರಿರಲಿಲ್ಲ. ಸಾಹೇಬರು ಜೀಪು ತೆಗೆದುಕೊಂಡು ಜನರನ್ನು ಹುಡುಕುತ್ತಾ ಗಿರಣಿಗೆ ಬಂದರು. ಗಿರಣಿಯವನು ಅಕ್ಕನ ಮನೆ ತೋರಿಸಿದ. ನಾನೂ ಅಲ್ಲೇ ಇದ್ದೆ.

"ಆಯಿ, ನಾಳಿ ಸಂಜಿಗೆ ನೀವೆಲ್ಲಾ ಗಾರ್ಡನ್ನಿಗೆ ಬರಬೇಕ್ರಿ."

"ಬಂದು ಏನ ಮಾಡಬೇಕ್ರಿ?"

"ಏನೂ ಇಲ್ರಿ. ದಿನಾ ಬಂದು ಕುಂದ್ರತೀವಿ ಅನ್ನೂಹಂಗ ಕುಂತ್ರ ಸಾಕು."

"ದಿನಾ ಬಂದು ಕುಂದ್ರೂದು ನಮಗ ರೂಢಿ ಇಲ್ರೆಪ್ಪಾ, ಬೀಗ ನೋಡಿ ಹೊಳ್ಳಿ ಹೋಗೂದು ರೂಢಿ," ಅಂದಳು ಅಕ್ಕ. ಹದಿನೈದು ದಿನಗಳ ನಂತರ ಬಾಯಿ ತೆರೆದಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮರುದಿನ ನಾಲ್ವರೂ ಹೋದೆವು, ಡಬ್ಬಿ ಹಿಡಿದೇ. ಸಾಹೇಬರು ಗ್ರಾನೈಟಿನ ಬೆಂಚು ತೋರಿಸಿದರು. ಅಕ್ಕ ಅವರ ಕಡೆ ನೋಡದೆ ಕುಂಟುತ್ತಾ ಹೋಗಿ ನಮ್ಮ ಕಲ್ಲಿನ ಮೇಲೆ ಕೂತು, "ಹಾಂ!" ಅಂತ ಉಸಿರು ಬಿಟ್ಟಳು. ನಾವೂ ಒತ್ತಾಗಿ ಕೂತೆವು. ಸೊಸೆಯ ಸಂಗತಿ ಪಿಸುಮಾತಿನಲ್ಲಿ ಮುಂದುವರಿಯಿತು.

ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ನವಿಲು ನೋಡಲಿಲ್ಲ, ಕಾರಂಜಿ ನೋಡಲಿಲ್ಲ, ನೇರವಾಗಿ ನಮ್ಮ ಮುಂದೆ ಬಂದು ನಿಂತರು. "ಎಷ್ಟು ಚೆನ್ನಾಗಿದೆ! ಸ್ಥಳೀಯ ಕಲ್ಲು, ಮರದ ನೆರಳು, ಹತ್ತಿರ ಹತ್ತಿರ ಕೂತು ರಸ್ತೆ ನೋಡುವ ಹಾಗಿದೆ. ಇದನ್ನು ಯೋಚಿಸಿದವರು ಯಾರು?"

ಸಾಹೇಬರು ಅಂಗಿ ಸರಿಮಾಡಿಕೊಂಡು ಮುಂದೆ ಬಂದರು. "ನಾವೇ ಮೇಡಂ. ಬಹಳ ಅಧ್ಯಯನ ಮಾಡಿ, ಜನರ ಅಭಿಪ್ರಾಯ ಪಡೆದು ಇಟ್ಟಿದ್ದು."

ಮೇಡಂ ಅಕ್ಕನ ಕಡೆ ತಿರುಗಿದರು. "ಅಜ್ಜಿ, ಇಲ್ಲಿಗೆ ಯಾಕೆ ಡಬ್ಬಿ ತಂದಿದ್ದೀರಿ?"

"ಬೀಸಾಕ್ರಿ."

"ಇಲ್ಲಿ ಗಿರಣಿ ಇದೆಯೇ?"

"ಇಲ್ರಿ. ಅದಕ್ಕ ಅವಸರ ಇಲ್ರಿ," ಅಂದಳು ಅಕ್ಕ.

ಮೇಡಂ ಅದನ್ನೂ ಬರೆದುಕೊಂಡರು. ಮೊದಲ ಬಹುಮಾನ ನಮ್ಮೂರಿಗೇ ಬಂತು. ಜೊತೆಗೆ ಒಂದು ಷರತ್ತು: ಸಂಜೆ ಗೇಟು ದಿನಾ ತೆರೆದಿರಬೇಕು.

ಮರುವಾರ ಸಂಭ್ರಮದಿಂದ ಹೋದೆವು. ಗೇಟು ತೆರೆದಿತ್ತು. ಕಲ್ಲು ಅಲ್ಲೇ ಇತ್ತು. ಪಾಲಿಶ್ ಮಾಡಿದ್ದರು, ಸುತ್ತ ಹಿತ್ತಾಳೆ ಬಣ್ಣದ ಸರಪಳಿ ಕಟ್ಟಿದ್ದರು. ಪಕ್ಕದಲ್ಲಿ ದೊಡ್ಡ ಬೋರ್ಡು: "ಇದು ಬಹುಮಾನಿತ ಆಸನ. ದಯವಿಟ್ಟು ಯಾರೂ ಕುಳಿತುಕೊಳ್ಳಬಾರದು."

ಅಕ್ಕ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದಳು. ಗಾಳಿಗೆ ಬೀಳದಿರಲಿ ಅಂತ ಅದರ ಬುಡಕ್ಕೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಅದೇ ಬೇವಿನ ನೆರಳು, ಅದೇ ರಸ್ತೆ. ಅಕ್ಕ ಹೋಗಿ ಕೂತು, ಪಕ್ಕದಲ್ಲಿ ಕೈ ತಟ್ಟಿ ನನ್ನನ್ನು ಕರೆದಳು. ಇಬ್ಬರಿಗೆ ಸರಿಹೋಯಿತು. ನಾದಿನಿ, ಟೀಚರಮ್ಮ ಡಬ್ಬಿ ಹಿಡಿದು ನಿಂತರು.

ಕಾವಲುಗಾರ ಓಡಿ ಬಂದ. "ಆಯಿ, ಬೋರ್ಡ್ ಓದಾಕ ಬರೂದಿಲ್ಲೇನ್ರಿ?"

"ಓದೇನೋ ತಮ್ಮಾ. ಕಲ್ಲಿನ ಮ್ಯಾಲೆ ಕುಂದರಬ್ಯಾಡ್ರಿ ಅಂತೈತಿ. ಬೋರ್ಡಿನ ಬುಡಕ ಕುಂದರಬ್ಯಾಡ್ರಿ ಅಂತ ಎಲ್ಲೈತಿ, ತೋರ್ಸು."

ಅವನು ಬೋರ್ಡಿನ ಹಿಂದೆಯೂ ಹೋಗಿ ನೋಡಿ ಬಂದ. ಇರಲಿಲ್ಲ. ಸಾಹೇಬರಿಗೆ ಫೋನ್ ಮಾಡಿದ. ಅವರು ತಕ್ಷಣ ಕ್ರಮ ತೆಗೆದುಕೊಂಡಿದ್ದಾರೆ. ಬೋರ್ಡಿನ ಕಟ್ಟೆಯ ಮೇಲೆ ಕೂರಬಾರದು ಅಂತ ಪಕ್ಕದಲ್ಲೇ ಇನ್ನೊಂದು ಬೋರ್ಡು ನಿಲ್ಲಿಸುತ್ತಾರಂತೆ.

ಅದಕ್ಕೂ ಕಟ್ಟೆ ಕಟ್ಟುತ್ತಾರೆ. ನಾದಿನಿಗೂ ಟೀಚರಮ್ಮನಿಗೂ ಜಾಗವಾಗುತ್ತದೆ.